ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಏನು ಮಾಡಬೇಕು: ಮೊದಲ ಸಂಜೆಯಿಂದ ಮೂರು ತಿಂಗಳವರೆಗೆ

ಮಂಡಿ ಸವೆತಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಹಾಕಿಸಿಕೊಂಡ ದಿನ ನೋವೇ ಇರಲಿಲ್ಲ, ರಾತ್ರಿ ಮೊದಲಿಗಿಂತ ಜಾಸ್ತಿ ಆಯ್ತು, ಯಾಕೆ?" "ಹದಿನೈದು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕತೆ." "ಶುಗರ್ ಒಂದೇ ಸಲ ಮೇಲೆ ಹೋಗಿದೆ, ಏನು ಮಾಡಲಿ?" ಹೆಚ್ಚಿನ ಸಲ ಇಂಜೆಕ್ಷನ್‌ನಲ್ಲಿ ದೋಷ ಇರುವುದಿಲ್ಲ. ಆಮೇಲಿನ ದಿನಗಳಲ್ಲಿ ಯಾವುದನ್ನು ಯಾವಾಗ ಮಾಡಬೇಕು ಅನ್ನುವುದು ಹಿಂದುಮುಂದಾಗಿರುತ್ತದೆ. ನೋವಿಲ್ಲದ ದಿನ ಮನೆ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುತ್ತಾರೆ, ನೋವು ಬಂದ ದಿನ ಶಾಖ ಕೊಟ್ಟು ಎಣ್ಣೆ ತಿಕ್ಕುತ್ತಾರೆ, ಆರಾಮಾಗಿರುವ ವಾರಗಳಲ್ಲಿ ವ್ಯಾಯಾಮದ ಕಡೆ ತಿರುಗಿಯೂ ನೋಡುವುದಿಲ್ಲ.

ಯಾವ ಇಂಜೆಕ್ಷನ್ನೂ ಸವೆದ ಕಾರ್ಟಿಲೇಜನ್ನು, ಅಂದರೆ ಕೀಲಿನಲ್ಲಿ ಮೂಳೆ ತುದಿಗಿರುವ ನುಣುಪಾದ ಹೊದಿಕೆಯನ್ನು, ಮೊದಲಿನ ಹಾಗೆ ಮಾಡಿಕೊಡುವುದಿಲ್ಲ. ಅದು ಕೊಡುವುದು ನೋವು ಕಡಿಮೆ ಇರುವ ಕೆಲವು ವಾರಗಳನ್ನು. ಆ ವಾರಗಳಲ್ಲಿ ತೊಡೆಯ ಸ್ನಾಯುವಿಗೆ ಬಲ ತಂದುಕೊಂಡರೆ ಮುಂದೆಯೂ ಅನುಕೂಲ. ಸುಮ್ನೆ ಕಳೆದರೆ ಮತ್ತೆ ಅದೇ ಜಾಗಕ್ಕೆ ಬರುತ್ತೀರಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ನಿಮ್ಮ ಡಾಕ್ಟರು ನಿಮ್ಮ ಕಾಲು ನೋಡಿ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ.

ಮೊದಲೇ ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ದೊಡ್ಡ ಪಟ್ಟಿಯೇನಿಲ್ಲ. ಐಸ್ ಪ್ಯಾಕ್, ಇಲ್ಲದಿದ್ದರೆ ಫ್ರೀಜರ್‌ನಲ್ಲಿಟ್ಟ ಬಟಾಣಿ ಪೊಟ್ಟಣ. ತೆಳ್ಳಗಿನ ಟವೆಲ್ ಎರಡು. ಜ್ವರ ನೋಡುವ ಥರ್ಮಾಮೀಟರ್. ಟೈಲರ್ ಹತ್ತಿರ ಇರುವಂಥ ಅಳತೆ ಟೇಪು. ಕೈ ಇಲ್ಲದ ಗಟ್ಟಿ ಕುರ್ಚಿ, ಸ್ವಲ್ಪ ಎತ್ತರದ್ದು. ಊರುಗೋಲು. ಶುಗರ್ ಇದ್ದವರಿಗೆ ಗ್ಲುಕೋಮೀಟರ್ ಮತ್ತು ಸಾಕಷ್ಟು ಸ್ಟ್ರಿಪ್. ಮನೆಯಲ್ಲಿ ಇಂಡಿಯನ್ ಶೈಲಿಯ ಶೌಚಾಲಯ ಮಾತ್ರ ಇದ್ದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್. ಇದನ್ನು ಇಂಜೆಕ್ಷನ್‌ಗೆ ಮುಂಚೆಯೇ ತಂದಿಡಿ. ಕುಕ್ಕರಗಾಲಲ್ಲಿ ಕೂತು ಏಳುವುದು ಸವೆದ ಮಂಡಿಗೆ ಬಹಳ ಭಾರ, ಅದರಲ್ಲೂ ಮೊದಲ ಎರಡು ದಿನ.

ಹಂತ 1: ಕ್ಲಿನಿಕ್‌ನಿಂದ ಹೊರಡುವ ಮುಂಚೆ ಹೆಸರು ಬರೆಸಿಕೊಳ್ಳಿ

"ಮಂಡಿಗೆ ಇಂಜೆಕ್ಷನ್ ಕೊಟ್ಟರು" ಅಂತಷ್ಟೇ ಹೇಳುವವರು ಬಹಳ ಜನ. ಯಾವುದು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಮುಂದಿನ ಲೆಕ್ಕವೆಲ್ಲ ಆ ಹೆಸರಿನ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ಕೊಡುವುದು ಮೂರು ಬಗೆ.

ಒಂದು ಸ್ಟೆರಾಯ್ಡ್. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ ಅಂತ ಚೀಟಿಯಲ್ಲಿ ಇರುತ್ತದೆ. ಕೆಲಸ ಶುರುವಾಗಲು ಕೆಲವು ದಿನದಿಂದ ಒಂದು ವಾರ ಬೇಕು, ಪರಿಣಾಮ ಕೆಲವು ವಾರದಿಂದ ಎರಡು ಮೂರು ತಿಂಗಳು ಇರುತ್ತದೆ. ಎರಡನೆಯದು ಹೈಯಲುರೋನಿಕ್ ಆಸಿಡ್, ಜನ "ಜೆಲ್ ಇಂಜೆಕ್ಷನ್" ಅನ್ನುವುದು ಇದನ್ನೇ. ಒಂದೇ ಸಲ ಕೊಡುವುದೂ ಇದೆ, ವಾರಕ್ಕೊಂದರಂತೆ ಮೂರರಿಂದ ಐದು ಕೊಡುವುದೂ ಇದೆ. ಇದರ ಫಲ ಗೊತ್ತಾಗಲು ನಾಲ್ಕೈದು ವಾರ ಹಿಡಿಯಬಹುದು, ಎರಡೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಬೇಸರ ಮಾಡಿಕೊಳ್ಳಬೇಡಿ. ಮೂರನೆಯದು ಪಿಆರ್‌ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ಇದರಲ್ಲಿ ಮೊದಲ ದಿನಗಳ ನೋವು ಉಳಿದೆರಡಕ್ಕಿಂತ ಜಾಸ್ತಿ ಇರಬಹುದು, ಫಲವೂ ನಿಧಾನ.

ಚೀಟಿಯಲ್ಲಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಲು, ಯಾವ ತಾರೀಖು, ಇಷ್ಟೂ ಇರಲಿ. ಮಂಡಿಯಿಂದ ನೀರು ತೆಗೆದಿದ್ದರೆ ಅದನ್ನೂ ಬರೆಸಿ. ರಾತ್ರಿ ತೊಂದರೆಯಾದರೆ ಯಾವ ನಂಬರ್‌ಗೆ ಫೋನ್ ಮಾಡಬೇಕು ಅಂತ ಅಲ್ಲೇ ಕೇಳಿ. ಕಾಲು ಗಂಟೆಯಿಂದ ಅರ್ಧ ಗಂಟೆ ಅಲ್ಲೇ ಕೂತಿರಿ, ಮೈ ತುರಿಕೆ, ಮುಖದ ಊತ, ಉಸಿರಾಟದ ತೊಂದರೆ ಇದ್ದರೆ ಆ ಹೊತ್ತಿನಲ್ಲೇ ಗೊತ್ತಾಗುವುದು ಹೆಚ್ಚು. ಮನೆಗೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಮರಗಟ್ಟಿದ ಕಾಲಲ್ಲಿ ಬ್ರೇಕ್ ಎಷ್ಟು ಒತ್ತಿದ್ದೀರಿ ಅಂತ ಸರಿಯಾಗಿ ತಿಳಿಯುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಿರಬೇಕು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಹೃದಯಕ್ಕೆ ಅಂತ ಕೊಟ್ಟ ಆಸ್ಪಿರಿನ್ ಕೂಡ.

ಹಂತ 2: ಮೊದಲ 48 ಗಂಟೆ, ನೋವಿಲ್ಲದಿದ್ದರೂ ಸುಮ್ಮನಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಇಂಜೆಕ್ಷನ್ ಜೊತೆ ಮರಗಟ್ಟಿಸುವ ಔಷಧವನ್ನೂ ಸೇರಿಸಿರುತ್ತಾರೆ, ಸಾಮಾನ್ಯವಾಗಿ ಲಿಗ್ನೊಕೇನ್. ಕ್ಲಿನಿಕ್‌ನಿಂದ ಎದ್ದು ಬರುವಾಗ ಮಂಡಿ ಹಗುರ ಅನ್ನಿಸುವುದು ಅದರಿಂದ. ಕೆಲವೇ ಗಂಟೆಗಳಲ್ಲಿ ಅದು ಇಳಿದು ಹೋಗುತ್ತದೆ, ಮುಖ್ಯ ಔಷಧ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆ ಕೆಲವು ಗಂಟೆ ನಂಬಿ ಬರುವಾಗಲೇ ಮಾರ್ಕೆಟ್‌ಗೆ ಹೋಗಿ ಚೀಲ ಹೊತ್ತುಕೊಂಡು ಬಂದವರಿಗೆ ರಾತ್ರಿ ನಿದ್ದೆ ಇರುವುದಿಲ್ಲ.

ಸುಮ್ಮನಿರಿ ಅಂದರೆ ಹಾಸಿಗೆ ಹಿಡಿಯಿರಿ ಅಂತಲ್ಲ. ಊಟಕ್ಕೆ, ಬಚ್ಚಲಿಗೆ, ವರಾಂಡಕ್ಕೆ ನಡೆಯಿರಿ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ. ಮೆಟ್ಟಿಲು, ವಾಕಿಂಗ್, ನೆಲದ ಮೇಲೆ ಕೂರುವುದು, ಭಾರ ಎತ್ತುವುದು, ಹೆಚ್ಚು ಹೊತ್ತು ಒಲೆ ಮುಂದೆ ನಿಲ್ಲುವುದು ಬೇಡ. ತರಕಾರಿ ಹೆಚ್ಚಲೇಬೇಕು ಅಂದರೆ ಈಳಿಗೆಮಣೆ ಬಿಟ್ಟು ಟೇಬಲ್ ಮುಂದೆ ಕೂತು ಚಾಕುವಿನಲ್ಲಿ ಹೆಚ್ಚಿ.

ಸೂಜಿ ಚುಚ್ಚಿದ ಜಾಗ ಮೊದಲ ದಿನ ಒಣಗಿರಲಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬಹುದು. 24 ಗಂಟೆ ಕಳೆದ ಮೇಲೆ ಪಟ್ಟಿ ತೆಗೆದು, ಸೋಪು ನೀರು ಹಾಕಿ ಸ್ನಾನ ಮಾಡಿ, ಮೆತ್ತಗೆ ಒತ್ತಿ ಒರೆಸಿ. ಟಬ್, ಈಜುಕೊಳ, ಕೆರೆ, ಹೊಳೆಯಲ್ಲಿ ಇಳಿಯುವುದು ಎರಡು ದಿನ ಬೇಡವೇ ಬೇಡ. ಹಂಡೆ ತುಂಬ ಬಿಸಿ ನೀರು ಕಾಯಿಸಿ ಮಂಡಿ ಮೇಲೇ ಸುರಿದುಕೊಳ್ಳುವ ಅಭ್ಯಾಸವನ್ನೂ ಸದ್ಯಕ್ಕೆ ಬಿಡಿ.

ನೀರು ತೆಗೆದವರಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿರಬಹುದು. ಮತ್ತೆ ಸುತ್ತುವುದಾದರೆ ಮೀನಖಂಡದಿಂದ ಶುರು ಮಾಡಿ ತೊಡೆಯ ಕಡೆಗೆ ಹೋಗಿ. ಬಟ್ಟೆಯಡಿ ಒಂದು ಬೆರಳು ಸುಲಭವಾಗಿ ತೂರಬೇಕು. ಕಾಲ್ಬೆರಳು ತಣ್ಣಗಾದರೆ, ನೀಲಿಯಾದರೆ, ಜುಮುಜುಮು ಅಂದರೆ ತಕ್ಷಣ ಬಿಚ್ಚಿ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ: ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ರಾತ್ರಿಯಿಡೀ ಮಲಗುವುದು. ಹಿತವಾಗಿರುತ್ತದೆ, ನಿಜ. ಆದರೆ ದಿನಾ ಹಾಗೆ ಮಲಗಿದರೆ ಮಂಡಿ ಬಗ್ಗಿದ ಹಾಗೇ ಬಿಗಿದುಕೊಂಡು, ಪೂರ್ತಿ ನೆಟ್ಟಗೆ ಮಾಡಲು ಬರದ ಹಾಗಾಗುತ್ತದೆ. ದಿಂಬು ಬೇಕಿದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಕೆಳಗೆ ಇಡಿ, ಕಾಲು ನೆಟ್ಟಗಿರಲಿ.

ಹಂತ 3: ಶುಗರ್ ಇದ್ದವರು ಅದೇ ಸಂಜೆಯಿಂದ ನೋಡಿಕೊಳ್ಳಿ

ಇದು ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಮಾತ್ರ. ಜೆಲ್‌ಗೂ ಪಿಆರ್‌ಪಿಗೂ ಈ ತೊಂದರೆ ಇಲ್ಲ.

ಮಂಡಿಗೆ ಹಾಕಿದ ಸ್ಟೆರಾಯ್ಡ್ ಮಂಡಿಯಲ್ಲೇ ಉಳಿಯುವುದಿಲ್ಲ, ಸ್ವಲ್ಪ ಭಾಗ ರಕ್ತಕ್ಕೆ ಸೇರುತ್ತದೆ. ಆಗ ಲಿವರ್ ಹೆಚ್ಚು ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಶುಗರ್ ಏರಲು ಶುರುವಾಗಿ, ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟಿ, ವಾರದೊಳಗೆ ಮೊದಲಿನ ಮಟ್ಟಕ್ಕೆ ಬರುವುದು ಸಾಮಾನ್ಯ. ಇದು ಗೊತ್ತಿಲ್ಲದೆ ಗಾಬರಿಯಾದವರು ಇದ್ದಾರೆ, ನೋಡದೇ ಬಿಟ್ಟು ಆಸ್ಪತ್ರೆ ಸೇರಿದವರೂ ಇದ್ದಾರೆ.

ಒಂದು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಮಧ್ಯಾಹ್ನದ ಮತ್ತು ರಾತ್ರಿಯ ಊಟ ಆಗಿ ಎರಡು ಗಂಟೆಗೆ ಒಂದೊಂದು ಸಲ ನೋಡಿ ಬರೆದಿಡಿ. ಬರೀ ಬೆಳಗಿನದು ನೋಡಿದರೆ ಸಾಲದು, ಸ್ಟೆರಾಯ್ಡ್‌ನ ಏರಿಕೆ ಊಟದ ನಂತರದ ಶುಗರ್‌ನಲ್ಲೇ ಹೆಚ್ಚು ಕಾಣುತ್ತದೆ. ಮಾತ್ರೆ, ಇನ್ಸುಲಿನ್ ಯಾವುದನ್ನೂ ತಪ್ಪಿಸಬೇಡಿ, ನೀವಾಗಿ ಹೆಚ್ಚಿಸಲೂ ಬೇಡಿ. ಇವತ್ತು ಹೆಚ್ಚಿಸಿದ ಡೋಸು, ಸ್ಟೆರಾಯ್ಡ್ ಇಳಿದ ದಿನ ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಹಬ್ಬದ ಹೋಳಿಗೆ, ಪಾಯಸ, ಹಣ್ಣಿನ ಜ್ಯೂಸ್ ಒಂದು ವಾರ ದೂರ ಇರಲಿ. ಮುದ್ದೆ, ಅನ್ನ ದಿನಕ್ಕಿಂತ ಕಡಿಮೆ ಮಾಡಿ, ಸೊಪ್ಪು ಕಾಳಿನ ಸಾರು ಜಾಸ್ತಿ ಹಾಕಿಕೊಳ್ಳಿ. ಮುದ್ದೆಯಿಂದ ಶುಗರ್ ಏರುವುದಿಲ್ಲ ಅನ್ನುವುದು ಬರೀ ನಂಬಿಕೆ, ರಾಗಿಯೂ ಪಿಷ್ಟವೇ.

ಎರಡು ಸಲ ನೋಡಿದಾಗಲೂ 300 ದಾಟಿದ್ದರೆ ನಿಮ್ಮ ಶುಗರ್ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಂಪರು ಇದ್ದರೆ ಫೋನ್ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ.

ಶುಗರ್ ಇಲ್ಲದವರಿಗೂ ಸ್ಟೆರಾಯ್ಡ್‌ನಿಂದ ಒಂದೆರಡು ದಿನ ಮುಖ ಕೆಂಪಾಗಿ ಬಿಸಿಯಾಗಬಹುದು, ನಿದ್ದೆ ಸರಿಯಾಗಿ ಬರದಿರಬಹುದು. ತಾನಾಗಿಯೇ ಇಳಿಯುತ್ತದೆ. ಬಿಪಿ ಇದ್ದವರು ಒಂದೆರಡು ಸಲ ಅಳೆಸಿಕೊಳ್ಳಿ.

ಹಂತ 4: ನೋವು ಮರಳಿ ಬಂದ ರಾತ್ರಿ

ಮೊದಲ ಒಂದೆರಡು ದಿನದಲ್ಲಿ ನೋವು ಮೊದಲಿಗಿಂತ ಜಾಸ್ತಿಯಾಗುವುದು ಕೆಲವರಿಗೆ ಇದ್ದದ್ದೇ. ಸ್ಟೆರಾಯ್ಡ್ ಆದರೆ ಔಷಧದ ಸಣ್ಣ ಹರಳುಗಳು ಕೀಲಿನ ಒಳಪೊರೆಯನ್ನು ಕೆರಳಿಸುತ್ತವೆ. ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಇಂಜೆಕ್ಷನ್ ಕೆಟ್ಟಿತು ಅಂತ ಇದರ ಅರ್ಥ ಅಲ್ಲ.

ಮಾಡಬೇಕಾದ್ದು: ಐಸ್ ಪ್ಯಾಕನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಮಂಡಿ ಮೇಲಿಡಿ, ದಿನಕ್ಕೆ ಮೂರು ನಾಲ್ಕು ಸಲ. ಬರಿ ಚರ್ಮದ ಮೇಲೆ ಐಸ್ ಇಟ್ಟರೆ ಚರ್ಮ ಸುಡುತ್ತದೆ, ಶುಗರ್‌ನಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಅದು ಗೊತ್ತೂ ಆಗುವುದಿಲ್ಲ. ಪಿಆರ್‌ಪಿ ಹಾಕಿಸಿಕೊಂಡವರು ಐಸ್ ಇಡಬಹುದಾ ಅಂತ ತಮ್ಮ ಡಾಕ್ಟರನ್ನು ಕೇಳಿಯೇ ಇಡಿ.

ಮಾತ್ರೆ ಬೇಕಿದ್ದರೆ ಮೊದಲು ಪ್ಯಾರಾಸಿಟಮಾಲ್. 500 ಅಥವಾ 650 ಮಿ.ಗ್ರಾಂ, ಎರಡು ಡೋಸಿನ ನಡುವೆ ಆರು ಗಂಟೆ ಅಂತರ, ದಿನಕ್ಕೆ 3 ಗ್ರಾಂ ದಾಟದ ಹಾಗೆ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಇಷ್ಟನ್ನೂ ಕೇಳದೆ ತೆಗೆದುಕೊಳ್ಳಬಾರದು. ಮೆಡಿಕಲ್ ಶಾಪ್‌ನಲ್ಲಿ "ನೋವಿಗೆ ಒಂದು ಕೊಡಿ" ಅಂದರೆ ಸಿಗುವ ಮಾತ್ರೆಗಳ ಬಗ್ಗೆ ಎಚ್ಚರ ಇರಲಿ. ಅಸೆಕ್ಲೋಫೆನಾಕ್ ಜೊತೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆಗಳೇ ಹೆಚ್ಚು. ಅದನ್ನೂ ನುಂಗಿ, ಮೇಲೆ ಡೋಲೋ 650 ಕೂಡ ನುಂಗಿದರೆ ಒಂದೇ ಔಷಧ ಎರಡು ಸಲ ಹೋದಂತೆ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿ, ಹೊಟ್ಟೆಹುಣ್ಣು, ಬಿಪಿ ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಅಪಾಯ. ಪಿಆರ್‌ಪಿ ಆದವರಿಗೆ ಇವನ್ನು ಸಾಮಾನ್ಯವಾಗಿ ಕೆಲವು ವಾರ ಬೇಡ ಅನ್ನುತ್ತಾರೆ, ಪ್ಲೇಟ್ಲೆಟ್‌ನ ಕೆಲಸಕ್ಕೆ ಅಡ್ಡ ಬರುತ್ತವೆ.

ಮಾಡಬಾರದ್ದು: ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು, ಹಾಟ್ ವಾಟರ್ ಬ್ಯಾಗ್, ನೀಲಗಿರಿ ಎಣ್ಣೆ, ಉರಿಯುವ ಬಾಮ್, ಸೊಪ್ಪಿನ ಪಟ್ಟು. ಮೊದಲ ದಿನಗಳಲ್ಲಿ ಮಂಡಿ ಆಗಲೇ ಬಿಸಿಯಾಗಿರುತ್ತದೆ, ಕಾವು ಕೊಟ್ಟರೆ ಊತ ಹೆಚ್ಚುತ್ತದೆ. ತಿಕ್ಕುವುದಂತೂ ಬೇಡ, ಮನೆಯವರು ಪ್ರೀತಿಯಿಂದ ಬಂದು ತಿಕ್ಕಿದರೂ ಬೇಡ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ನೋವಿನ ಪುಡಿ, ಗುಳಿಗೆಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಕೆಲವಕ್ಕೆ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಇಂಜೆಕ್ಷನ್‌ನ ಸ್ಟೆರಾಯ್ಡ್ ಮೇಲೆ ಅದೂ ಸೇರಿಕೊಳ್ಳುತ್ತದೆ.

ಹಂತ 5: ದಿನಕ್ಕೆರಡು ಸಲ ಪರೀಕ್ಷೆ, ಸೋಂಕನ್ನು ಗುರುತಿಸಲು

ಕೀಲಿನೊಳಗೆ ಸೋಂಕಾಗುವುದು ಬಹಳ ಅಪರೂಪ. ಆದರೆ ಒಮ್ಮೆ ಆಯಿತೆಂದರೆ ಅದು ಕೆಲವೇ ದಿನಗಳಲ್ಲಿ ಕೀಲನ್ನು ಹಾಳು ಮಾಡುತ್ತದೆ, ರಕ್ತಕ್ಕೆ ಹರಡಿದರೆ ಜೀವಕ್ಕೂ ಅಪಾಯ. ಈ ಒಂದು ಹಂತವನ್ನು ದಯವಿಟ್ಟು ಯಾರೂ ಹಾರಿಸಬೇಡಿ.

ಬೆಳಿಗ್ಗೆ ಸಂಜೆ ಕುರ್ಚಿ ಮೇಲೆ ಕೂತು ಎರಡೂ ಮಂಡಿಗಳನ್ನು ಬರಿದಾಗಿಸಿ. ಅಂಗೈ ಬದಲು ಕೈಯ ಹಿಂಬದಿಯನ್ನು ಮೊದಲು ಒಳ್ಳೆ ಮಂಡಿ ಮೇಲೆ, ಆಮೇಲೆ ಇಂಜೆಕ್ಷನ್ ಆದ ಮಂಡಿ ಮೇಲೆ ಇಡಿ. ಬಿಸಿಯ ವ್ಯತ್ಯಾಸ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಸೂಜಿ ಜಾಗದ ಸುತ್ತ ಕೆಂಪು ಹರಡಿದೆಯಾ ನೋಡಿ. ಕಪ್ಪು ಬಣ್ಣದವರಲ್ಲಿ ಕೆಂಪು ಕಾಣದೆ, ಚರ್ಮ ಬಿಗಿದು ಹೊಳೆಯುವ ಹಾಗೆ ಕಾಣಬಹುದು. ಕಾಲು ನೆಟ್ಟಗೆ ಮಾಡಿ, ಮಂಡಿಚಿಪ್ಪಿನ ಮಧ್ಯಕ್ಕೆ ಟೇಪು ಸುತ್ತಿ ಅಳತೆ ಬರೆಯಿರಿ. ಪ್ರತಿ ಸಲ ಅದೇ ಜಾಗ, ಅದೇ ಬಿಗಿ. ಜ್ವರ ನೋಡಿ.

ಔಷಧದ ಕೆರಳಿಕೆಯ ನೋವು ಬೇಗ ಶುರುವಾಗುತ್ತದೆ, ದಿನ ಕಳೆದ ಹಾಗೆ ಇಳಿಯುತ್ತದೆ. ಸೋಂಕಿನದ್ದು ಉಲ್ಟಾ: ಎರಡು ಮೂರು ದಿನ ಕಳೆದ ಮೇಲೆ ಏರಲು ಶುರುವಾಗಬಹುದು, ಕೆಲವರಲ್ಲಿ ಇನ್ನೂ ತಡವಾಗಿ, ಮತ್ತು ಗಂಟೆ ಗಂಟೆಗೂ ಹೆಚ್ಚುತ್ತದೆ. ಕಾಲು ಊರಲು ಆಗುವುದಿಲ್ಲ, ಬೇರೆಯವರು ಮೆತ್ತಗೆ ಮಂಡಿ ಮಡಚಿದರೂ ಕಿರುಚುವಷ್ಟು ನೋವು, ಮಂಡಿ ಊದಿ ಬಿಸಿ, ಚಳಿ ಜ್ವರ, ಸೂಜಿ ಜಾಗದಿಂದ ಕೀವು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಇಂಜೆಕ್ಷನ್ ಕೊಟ್ಟ ಡಾಕ್ಟರು ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಇಂಜೆಕ್ಷನ್ ಚೀಟಿ ತೋರಿಸಿ. 108ಕ್ಕೆ ಕರೆ ಮಾಡಬಹುದು.

ಜ್ವರ ಇಲ್ಲ ಅಂದ ಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ. ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ, ಸ್ಟೆರಾಯ್ಡ್ ಆದವರಲ್ಲಿ ಜ್ವರ ಬಾರದೆಯೂ ಇರಬಹುದು. ಪ್ಯಾರಾಸಿಟಮಾಲ್ ಕೂಡ ಜ್ವರವನ್ನು ಮುಚ್ಚಿಡುತ್ತದೆ, ಹಾಗಾಗಿ ಮಾತ್ರೆ ನುಂಗುವ ಮುಂಚೆ ಜ್ವರ ನೋಡಿ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಡಾಕ್ಟರು ಮಂಡಿಯ ನೀರು ತೆಗೆದು ಪರೀಕ್ಷೆಗೆ ಕಳಿಸಿ ಯಾವ ಕ್ರಿಮಿ ಅಂತ ನೋಡಬೇಕು. ನೀವು ಅರ್ಧಂಬರ್ಧ ಔಷಧ ತಿಂದು ಹೋದರೆ ಆ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು.

ಮೀನಖಂಡ ಊದಿ ನೋಯುತ್ತಿದ್ದರೆ, ಅದರ ಜೊತೆ ಎದೆ ನೋವೋ ಉಸಿರಾಟದ ತೊಂದರೆಯೋ ಇದ್ದರೆ ಅದೂ ತುರ್ತೇ, ರಕ್ತ ಹೆಪ್ಪುಗಟ್ಟಿರಬಹುದು.

ಹಂತ 6: ಮೂರನೇ ದಿನದಿಂದ ನಡಿಗೆ

ನೋವು, ಊತ ಇಳಿಮುಖವಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಸಮತಟ್ಟಾದ ಜಾಗದಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಎರಡು ಮೂರು ದಿನಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿ.

ಊರುಗೋಲು ಯಾವ ಕೈಯಲ್ಲಿ? ಹತ್ತರಲ್ಲಿ ಒಂಬತ್ತು ಜನ ನೋವಿರುವ ಕಡೆಯ ಕೈಯಲ್ಲೇ ಹಿಡಿಯುತ್ತಾರೇನೋ ಅನ್ನಿಸುತ್ತದೆ. ಹಿಡಿಯಬೇಕಾದ್ದು ಎದುರು ಕೈಯಲ್ಲಿ. ಬಲ ಮಂಡಿ ನೋವಾದರೆ ಎಡಗೈಯಲ್ಲಿ ಕೋಲು, ಬಲಗಾಲು ಮುಂದೆ ಹೋಗುವಾಗ ಕೋಲೂ ಮುಂದೆ ಹೋಗಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೈ ಸದಾ ಕಂಬಿ ಮೇಲೆ. ಆರಾಮಾಗಿದೆ ಅಂತ ಎರಡನೇ ವಾರದಲ್ಲೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಹೊರಬೇಡಿ. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಹೆಚ್ಚು ಕಷ್ಟ. ದೇವಿಯ ದರ್ಶನಕ್ಕೆ ಬಸ್ಸಿದೆ.

ಕೂತು ಮಾಡುವ ಕೆಲಸದವರು ಎರಡು ದಿನ ಕಳೆದು ಹೋಗಬಹುದು. ದಿನವಿಡೀ ನಿಲ್ಲುವ ಶಿಕ್ಷಕರು, ಅಡುಗೆಯವರು, ತೋಟದ ಕೆಲಸದವರು ಒಂದು ವಾರ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಶುರು ಮಾಡುವುದು ಒಳ್ಳೆಯದು. ಬೈಕ್, ಕಾರು ಓಡಿಸುವುದು ಬ್ರೇಕನ್ನು ಗಟ್ಟಿಯಾಗಿ, ನೋವಿಲ್ಲದೆ ಒತ್ತಲು ಆದ ಮೇಲೆ. ಕಿಕ್ ಹೊಡೆದು ಸ್ಟಾರ್ಟ್ ಮಾಡಬೇಡಿ.

ಹಂತ 7: ತೊಡೆಗೆ ಬಲ, ಇಷ್ಟಕ್ಕೇ ಇಂಜೆಕ್ಷನ್ ಹಾಕಿಸಿದ್ದು

2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಮಂಡಿ ಸವೆತದ 156 ಜನರಲ್ಲಿ ಅರ್ಧ ಜನರಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಅರ್ಧ ಜನರಿಗೆ ಫಿಸಿಯೋಥೆರಪಿ. ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿಯವರ ನೋವು ಕಡಿಮೆ ಇತ್ತು, ಓಡಾಟ ಚೆನ್ನಾಗಿತ್ತು. ಇಂಜೆಕ್ಷನ್ ವ್ಯರ್ಥ ಅಂತ ನಾನು ಹೇಳುವುದಿಲ್ಲ, ನೋವು ತಡೆಯಲಾಗದೆ ವ್ಯಾಯಾಮವನ್ನೇ ಮಾಡಲಾಗದವರಿಗೆ ಅದು ದಾರಿ ತೆರೆಯುತ್ತದೆ. ಆದರೆ ಆ ದಾರಿಯಲ್ಲಿ ನಡೆಯಬೇಕಾದವರು ನೀವು.

ಮೊದಲ ವ್ಯಾಯಾಮವನ್ನು ಎರಡನೇ ದಿನದಿಂದಲೇ ಮೆತ್ತಗೆ ಶುರು ಮಾಡಬಹುದು. ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಸರಿಯಾಗಿ ಆಗುತ್ತಿದೆಯಾ ಅಂತ ತಿಳಿಯಲು ಮಂಡಿಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ, ತೊಡೆಯ ಒಳಬದಿಗೆ ಬೆರಳಿಟ್ಟುಕೊಳ್ಳಿ. ಒತ್ತಿದಾಗ ಅಲ್ಲಿನ ಮಾಂಸ ಗಟ್ಟಿಯಾಗಿ ಬೆರಳನ್ನು ಮೇಲಕ್ಕೆ ತಳ್ಳಬೇಕು, ಮಂಡಿಚಿಪ್ಪು ಸೊಂಟದ ಕಡೆಗೆ ಚೂರು ಜರುಗಬೇಕು. ಪೃಷ್ಠ ಮಾತ್ರ ಬಿಗಿಯಾಗಿ ತೊಡೆ ಮೆತ್ತಗೇ ಇದ್ದರೆ ತಪ್ಪು ಜಾಗಕ್ಕೆ ಬಲ ಹೋಗುತ್ತಿದೆ. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

ಎರಡನೆಯದು ಮಂಡಿ ಮಡಚುವುದು. ಮಲಗಿ, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತ ಪೃಷ್ಠದ ಕಡೆ ತನ್ನಿ, ನಿಧಾನ ವಾಪಸ್ ಬಿಡಿ. ಕಾಲುಚೀಲ ಹಾಕಿದರೆ ಸಲೀಸಾಗಿ ಜಾರುತ್ತದೆ. ಎಲ್ಲಿವರೆಗೆ ಹಿತವೋ ಅಲ್ಲಿವರೆಗೆ.

ಮೂರನೆಯದು ನಾಲ್ಕನೇ ದಿನದ ಸುಮಾರಿಗೆ. ಅಂಗಾತ ಮಲಗಿ ಒಳ್ಳೆ ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಬಿಗಿ ಹಿಡಿದು ಒಂದು ಅಡಿಯಷ್ಟು ಎತ್ತಿ, ಐದು ಎಣಿಸಿ, ನಿಧಾನ ಇಳಿಸಿ. ಎತ್ತುವಾಗ ಮಂಡಿ ಚೂರು ಬಗ್ಗಿದರೂ ತೊಡೆ ಇನ್ನೂ ತಯಾರಿಲ್ಲ, ಮೊದಲನೆಯದನ್ನೇ ಇನ್ನೊಂದು ವಾರ ಮಾಡಿ. ಸೊಂಟ ನೋವಿದ್ದವರು ಇದನ್ನು ಫಿಸಿಯೋ ಮುಂದೆ ಒಮ್ಮೆ ಮಾಡಿ ತೋರಿಸಿ.

ಎರಡನೇ ವಾರದಿಂದ ಕುರ್ಚಿ. ಗೋಡೆಗೆ ಒತ್ತಿ ಇಟ್ಟ ಎತ್ತರದ ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಟೇಬಲ್ ಹಿಡಿದು, ಆಮೇಲೆ ಕೈ ಬಿಟ್ಟು. ಐದರಿಂದ ಶುರು ಮಾಡಿ ಹತ್ತಕ್ಕೆ ತನ್ನಿ. ಏಳುವಾಗ ಎರಡು ಮಂಡಿ ಒಳಗೆ ವಾಲದೆ ಕಾಲ್ಬೆರಳಿನ ನೇರಕ್ಕೆ ಇರಲಿ, ಕೂರುವಾಗ ದೊಪ್ ಅಂತ ಬೀಳಬೇಡಿ. ಆ ನಿಧಾನದ ಇಳಿತದಲ್ಲೇ ಬಲ ಬರುವುದು.

ಎಷ್ಟು ನೋವು ಸಹಿಸಬಹುದು? ಹತ್ತಕ್ಕೆ ನಾಲ್ಕರವರೆಗೆ ಪರವಾಗಿಲ್ಲ, ಮಾರನೇ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಬಂದರೆ ಸಾಕು. ಮಾರನೇ ದಿನ ಮಂಡಿ ಊದಿದ್ದರೆ ಒಂದು ದಿನ ಬಿಟ್ಟು ಅರ್ಧಕ್ಕೆ ಇಳಿಸಿ. ಪೂರ್ತಿ ಬಿಟ್ಟುಬಿಡಬೇಡಿ. ಪಿಆರ್‌ಪಿಯವರಿಗೆ ಈ ದಿನಗಳ ಲೆಕ್ಕ ಇನ್ನೂ ನಿಧಾನ, ಡಾಕ್ಟರು ಹೇಳಿದ ವಾರದಿಂದ ಶುರು ಮಾಡಿ.

ಹಂತ 8: ಆರಾಮಾಗಿರುವ ವಾರಗಳಲ್ಲಿ ಮನೆಯನ್ನು ಸರಿಮಾಡಿಕೊಳ್ಳಿ

ಚಕ್ಕಳಮಕ್ಕಳ ಹಾಕಿ ಕೂರುವುದು, ನೆಲ ಒರೆಸುವುದು, ಕುಕ್ಕರಗಾಲಲ್ಲಿ ಬಟ್ಟೆ ಒಗೆಯುವುದು, ಇವನ್ನು ನೋವಿಲ್ಲದಾಗಲೂ ಕಡಿಮೆ ಮಾಡಿ. ಉದ್ದ ಕೋಲಿನ ಮಾಪ್, ಕಲ್ಲಿನ ಎತ್ತರಕ್ಕೆ ಸ್ಟೂಲ್, ಪೂಜೆಗೆ ಕುರ್ಚಿ. ನೆಲದ ಮೇಲೆ ಕೂತೇ ಪೂಜೆ ಮಾಡಬೇಕು ಅಂತ ಮಂಡಿ ಸವೆದ ಹಿರಿಯರ ಮೇಲೆ ಒತ್ತಾಯ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ತೂಕ ಜಾಸ್ತಿ ಇದ್ದವರಿಗೆ ಒಂದು ಲೆಕ್ಕ: ಮೈತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಐದು ಕೆ.ಜಿ. ಇಳಿಸಿದವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ.

ಸೂಜಿ ಹಾಕಿದ ಜಾಗದಲ್ಲಿ ಕೆಲವು ವಾರ ಕಳೆದು ಚರ್ಮ ಬಿಳಿಚಿಕೊಳ್ಳಬಹುದು ಅಥವಾ ಸಣ್ಣ ಗುಳಿ ಬೀಳಬಹುದು. ಸ್ಟೆರಾಯ್ಡ್‌ನಿಂದ ಹೀಗಾಗುತ್ತದೆ, ತೊನ್ನು ಅಂತ ಹೆದರಬೇಡಿ, ಮುಂದಿನ ಸಲ ಡಾಕ್ಟರಿಗೆ ತೋರಿಸಿ.

ಹಂತ 9: ನೋವು ಮತ್ತೆ ಬಂದಾಗ

ಮೂರು ತಿಂಗಳ ಹೊತ್ತಿಗೆ ಪರಿಣಾಮ ಇಳಿದರೆ ನೇರವಾಗಿ ಇನ್ನೊಂದು ಇಂಜೆಕ್ಷನ್‌ಗೆ ಓಡಬೇಡಿ. ಒಂದೇ ಮಂಡಿಗೆ ಸ್ಟೆರಾಯ್ಡ್ ಹಾಕುವಾಗ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳ ಅಂತರ, ವರ್ಷಕ್ಕೆ ಮೂರು ನಾಲ್ಕು ಮೀರದ ಹಾಗೆ ನೋಡಿಕೊಳ್ಳುತ್ತಾರೆ. 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ, ಪ್ರತಿ 12 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಅಥವಾ ಬರೀ ಉಪ್ಪುನೀರು ಕೊಟ್ಟರು. ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಸ್ಟೆರಾಯ್ಡ್ ಪಡೆದವರ ಕಾರ್ಟಿಲೇಜ್ ಹೆಚ್ಚು ಸವೆದಿತ್ತು. ಊರಿಂದೂರಿಗೆ ಡಾಕ್ಟರ್ ಬದಲಾಯಿಸಿ ಲೆಕ್ಕ ತಪ್ಪಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಡಾಕ್ಟರ ಹತ್ತಿರ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ನೋವು ಎಷ್ಟು ವಾರ ಕಡಿಮೆ ಇತ್ತು, ಆಗ ಎಷ್ಟು ದೂರ ನಡೆಯುತ್ತಿದ್ದಿರಿ, ವ್ಯಾಯಾಮ ವಾರಕ್ಕೆ ಎಷ್ಟು ದಿನ ಮಾಡಿದಿರಿ. "ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ" ಅನ್ನುವ ಮಾತಿನಿಂದ ಅವರಿಗೆ ಏನೂ ತೀರ್ಮಾನ ಮಾಡಲಾಗುವುದಿಲ್ಲ.

ಮಂಡಿ ಬದಲಾಯಿಸುವ ಆಪರೇಷನ್ ಮಾತು ಬಂದಿದ್ದರೆ ಇಂಜೆಕ್ಷನ್‌ಗೆ ಮುಂಚೆಯೇ ಹೇಳಿ. ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಆ ಮಂಡಿಗೆ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಹೆಚ್ಚು, ಅದಕ್ಕೇ ಸರ್ಜನ್‌ಗಳು ದಿನ ಮುಂದೂಡುತ್ತಾರೆ. ತಾರೀಖು ಮರೆತಿದ್ದರೆ ಅಂದಾಜಿನ ಮೇಲೆ ಹೇಳಬೇಡಿ, ಹಂತ 1ರಲ್ಲಿ ಬರೆಸಿದ ಚೀಟಿಯನ್ನೇ ತೆಗೆದುಕೊಂಡು ಹೋಗಿ. ಚೀಟಿ ಕಳೆದಿದ್ದರೆ ಇಂಜೆಕ್ಷನ್ ಕೊಟ್ಟ ಕ್ಲಿನಿಕ್‌ನಲ್ಲಿ ನಕಲು ಕೇಳಿ.